ಕೋಳಿ ಇರುವ ಮನೆಗೆ ನಾಯಿ: ಆರಿಸುವುದು ಹೇಗೆ, ಪಳಗಿಸುವುದು ಹೇಗೆ

ಅಂಕೋಲಾ, ಕುಮಟಾ ಕಡೆಯ ಹಿತ್ತಲಿರಲಿ, ಶಿರಸಿ, ಸಿದ್ದಾಪುರ ಕಡೆಯ ತೋಟದ ಮನೆಯಿರಲಿ, ಕೋಳಿಗೆ ಶತ್ರುಗಳು ಜಾಸ್ತಿ. ಹಗಲು ಮುಂಗುಸಿ, ಗಿಡುಗ. ರಾತ್ರಿ ಕಾಡುಬೆಕ್ಕು, ಪುನುಗು, ಹೆಬ್ಬಾವು. ಕಾವಲಿಗೆ ಒಂದು ನಾಯಿ ಇರಲಿ ಅಂತ ತರುತ್ತಾರೆ. ಎಷ್ಟೋ ಮನೆಗಳಲ್ಲಿ ಆ ನಾಯಿ ಮೊದಲು ಹಿಡಿಯುವುದು ಮನೆಯ ಕೋಳಿಯನ್ನೇ. ಆಮೇಲೆ ಹೊಡೆತ, ಸರಪಳಿ, ಕೊನೆಗೆ ಚೀಲದಲ್ಲಿ ಹಾಕಿ ಘಟ್ಟದ ಯಾವುದೋ ತಿರುವಿನಲ್ಲಿ ಬಿಟ್ಟು ಬರುವುದು. ಕೋಳಿಯೂ ಹೋಯಿತು, ನಾಯಿಯೂ ಹೋಯಿತು.

ಹೀಗಾಗಬೇಕಿಲ್ಲ. ನಾಯಿ, ಕೋಳಿ ಒಂದೇ ಅಂಗಳದಲ್ಲಿ ಆರಾಮಾಗಿ ಇರಬಹುದು. ಅದಕ್ಕೆ ಬೇಕಾದ್ದು ಸರಿಯಾದ ಮರಿ, ಗಟ್ಟಿ ಗೂಡು, ಒಂದು ಉದ್ದ ಹಗ್ಗ, ಮತ್ತೆ ತಿಂಗಳುಗಟ್ಟಲೆ ತಾಳ್ಮೆ. ನಾಯಿಗೆ ಕೋಳಿಯ ಮೇಲೆ ಪ್ರೀತಿ ಹುಟ್ಟಿಸಬೇಕಿಲ್ಲ. ಹೆದರಿಕೆ ಹುಟ್ಟಿಸುವುದಂತೂ ಬೇಡವೇ ಬೇಡ. ಅಂಗಳದ ತುಳಸಿಕಟ್ಟೆ ಕಂಡರೆ ನಾಯಿಗೆ ಹೇಗೆ ಏನೂ ಅನಿಸುವುದಿಲ್ಲವೋ, ಕೋಳಿ ಕಂಡರೂ ಹಾಗೇ ಏನೂ ಅನಿಸಬಾರದು. ಈ ಲೇಖನದಲ್ಲಿ ಹೇಳುವ ಎಲ್ಲ ಕೆಲಸವೂ ಅದೊಂದಕ್ಕೇ.

ನಾಯಿ ಕೋಳಿ ಹಿಡಿಯುವುದು ಯಾಕೆ

ಹಸಿವೆಗೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಹೊಟ್ಟೆ ತುಂಬ ಉಂಡ ನಾಯಿಯೂ ಕೋಳಿ ಹಿಡಿಯುತ್ತದೆ, ಹಿಡಿದು ಅಲ್ಲೇ ಬಿಟ್ಟು ಇನ್ನೊಂದರ ಹಿಂದೆ ಓಡುತ್ತದೆ. ಅದನ್ನು ಎಳೆಯುವುದು ಓಟ. ಬೇಟೆಗೆ ಮೆಟ್ಟಿಲುಗಳಿವೆ: ಮೊದಲು ನೆಟ್ಟ ನೋಟ, ಆಮೇಲೆ ಮೈ ತಗ್ಗಿಸಿ ಹೊಂಚು, ಬೆನ್ನಟ್ಟುವುದು, ಬಾಯಿ ಹಾಕುವುದು, ಕೊನೆಗೆ ಕೊಡವಿ ಕೊಲ್ಲುವುದು. ಕೋಳಿ ರೆಕ್ಕೆ ಬಡಿದು ಕೂಗುತ್ತ ಓಡಿದರೆ ನಾಯಿ ಒಂದೇ ಉಸಿರಿಗೆ ಎಲ್ಲ ಮೆಟ್ಟಿಲು ಹತ್ತಿಬಿಡುತ್ತದೆ. ನೆಟ್ಟ ನೋಟದ ಹಂತದಲ್ಲಿ ನಿಮ್ಮ ಒಂದು ಮಾತಿಗೆ ನಿಲ್ಲುವ ನಾಯಿ, ಓಟ ಶುರುವಾದ ಮೇಲೆ ಯಾರು ಕೂಗಿದರೂ ಕೇಳುವುದಿಲ್ಲ. ಬೆನ್ನಟ್ಟುವುದೇ ಅದಕ್ಕೊಂದು ಖುಷಿ. ಒಂದು ಸಲ ಆ ಖುಷಿ ಸಿಕ್ಕಿದರೆ ಎರಡನೇ ಸಲ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ನಿಯಮ ಇಷ್ಟೇ: ಕಲಿಯುವ ತನಕ ಒಂದೇ ಒಂದು ಸಲವೂ ಬೆನ್ನಟ್ಟುವ ಅವಕಾಶ ಸಿಗಬಾರದು. 'ಮರಿ, ಆಟ ಆಡ್ತಾ ಇದೆ' ಅಂತ ನಗುತ್ತ ನೋಡಬೇಡಿ.

ಕೋಳಿ ಸಾರಿನ ಅನ್ನ ಹಾಕಿದರೆ ನಾಯಿ ಕೋಳಿ ಹಿಡಿಯುವುದು ಕಲಿಯುತ್ತದೆ ಅಂತಲೂ ಹೇಳುತ್ತಾರೆ. ಬೇಯಿಸಿದ ಮಾಂಸಕ್ಕೂ ಅಂಗಳದಲ್ಲಿ ಓಡಾಡುವ ಕೋಳಿಗೂ ನಾಯಿ ಸಂಬಂಧ ಕಟ್ಟುವುದು ಕಡಿಮೆ. ಬೇಯಿಸಿದ ಮೂಳೆ ಮಾತ್ರ ಹಾಕಬೇಡಿ, ಅದು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ನಿಜವಾದ ಅಪಾಯ ಕೋಳಿ ಕೊಯ್ಯುವ ದಿನದ್ದು. ಹಬ್ಬದ ದಿನ ಹಿತ್ತಲಲ್ಲಿ ಕೊಯ್ದು ತಲೆ, ಕರುಳು, ಪುಕ್ಕವನ್ನು ನಾಯಿಗೆ ಎಸೆದರೆ ಹಸಿ ರಕ್ತದ ವಾಸನೆ, ಬಾಯಲ್ಲಿ ಪುಕ್ಕ, ಕಣ್ಣೆದುರು ಒದ್ದಾಡುವ ಕೋಳಿ ಎಲ್ಲ ಸೇರಿ ಒಂದೇ ದಿನದಲ್ಲಿ ಪಾಠ ಆಗುತ್ತದೆ. ಆವತ್ತು ನಾಯಿಯನ್ನು ಮನೆಯ ಇನ್ನೊಂದು ಬದಿಗೆ ಕಟ್ಟಿ. ಉಳಿದದ್ದನ್ನು ಆಳವಾಗಿ ಹೂಳಿ, ಜಾಗ ತೊಳೆದ ಮೇಲೆ ಬಿಡಿ.

ಯಾವ ನಾಯಿ

ನನ್ನನ್ನು ಕೇಳಿದರೆ ಊರ ನಾಯಿಯೇ ಸೈ. ನಮ್ಮ ಕರಾವಳಿಯ ಸೆಖೆ, ನಾಲ್ಕು ತಿಂಗಳ ಮಳೆ ಅದಕ್ಕೆ ಹೊಸದಲ್ಲ. ಚರ್ಮದ ತೊಂದರೆ ಕಡಿಮೆ, ಅನ್ನ ಮೀನಿಗೆ ಒಗ್ಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೋಳಿ ಓಡಾಡುವ ಅಂಗಳದಲ್ಲೇ ಹುಟ್ಟಿದ ಮರಿ ಸಿಗುತ್ತದೆ. ತಾಯಿ ನಾಯಿ ಕೋಳಿಗಳ ನಡುವೆ ಮಲಗಿ ನಿದ್ದೆ ಮಾಡುವ ಮನೆಯಿಂದ ಮರಿ ತಂದರೆ ಅರ್ಧ ಕೆಲಸ ಮುಗಿದ ಹಾಗೆ. ತಳಿಗಿಂತ ಇದನ್ನು ನೋಡಿ.

ಮುಧೋಳ ನಮ್ಮ ರಾಜ್ಯದ ಹೆಮ್ಮೆಯ ನಾಯಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಅದು ಬಯಲಲ್ಲಿ ಮೊಲ ಬೆನ್ನಟ್ಟಲೆಂದೇ ಬೆಳೆಸಿದ ತಳಿ. ದೂರದಲ್ಲಿ ಏನೋ ಓಡಿದ್ದು ಕಂಡರೆ ಸಾಕು, ಕಾಲು ಮುಂದಾಗುತ್ತದೆ. ಕೋಳಿ ಬಿಟ್ಟು ಸಾಕುವ ಮನೆಗೆ ಅದು ಬೇಡ. ಡ್ಯಾಶ್‌ಹುಂಡ್ ಚಿಕ್ಕದು ಅಂತ ತರುತ್ತಾರೆ. ಅದು ಬಿಲ ತೋಡಿ ಬೇಟೆಯಾಡುವ ಜಾತಿ, ಗೂಡಿನ ಅಡಿಗೇ ಮಣ್ಣು ಕೆರೆಯುತ್ತದೆ. ಲ್ಯಾಬ್ರಡಾರ್ ಸಾಧು. ಆದರೂ ಬಿದ್ದ ಹಕ್ಕಿಯನ್ನು ಬಾಯಲ್ಲಿ ಹೊತ್ತು ತರಲು ಬೆಳೆಸಿದ ನಾಯಿ ಅದು. ಹಲ್ಲು ಊರದೆ ಮೆತ್ತಗೆ ಹಿಡಿದರೂ ಕೋಳಿ ಗಾಬರಿಗೇ ಸಾಯುವುದುಂಟು. ಜರ್ಮನ್ ಶೆಫರ್ಡ್‌ಗೆ ದಿನಾ ಕೆಲಸ, ನಡಿಗೆ ಬೇಕು. ಕೊಡಲು ಆಗದಿದ್ದರೆ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಕೋಳಿ ಅಟ್ಟಿಸಿಕೊಂಡು ತಿರುಗುವುದೇ ಆ ಕೆಲಸ.

ಜಾನುವಾರು ಕಾಯುವುದಕ್ಕೇ ಬೆಳೆಸಿದ ತಳಿಗಳೂ ಇವೆ. ಆಸ್ಟ್ರೇಲಿಯಾದ ವಾರ್ನಂಬೂಲ್ ಎಂಬ ಊರಲ್ಲಿ ಒಬ್ಬ ಕೋಳಿ ಸಾಕಣೆಗಾರ ತನ್ನ ಕೋಳಿ ಕಾಯಲು ಇಟಲಿ ಮೂಲದ ಮರೆಮ್ಮಾ ನಾಯಿಗಳನ್ನು ಸಾಕಿದ್ದ. ಅಲ್ಲೇ ಎದುರಿನ ಪುಟ್ಟ ದ್ವೀಪದಲ್ಲಿ ನರಿಗಳ ಕಾಟಕ್ಕೆ ಪೆಂಗ್ವಿನ್‌ಗಳು ಬೆರಳೆಣಿಕೆಗೆ ಬಂದಿದ್ದವು. 2006ರಲ್ಲಿ ಆ ನಾಯಿಯನ್ನೇ ಕಾವಲಿಗೆ ಬಿಟ್ಟ ಮೇಲೆ ಪೆಂಗ್ವಿನ್‌ಗಳು ಮತ್ತೆ ಹೆಚ್ಚಿದವು. ಓದಲು ಚೆಂದ. ಆದರೆ ಮರೆಮ್ಮಾದಂಥ ದಪ್ಪ ತುಪ್ಪಳದ ನಾಯಿಯನ್ನು ಕಾರವಾರದ ಏಪ್ರಿಲ್ ಸೆಖೆಯಲ್ಲಿ ಇಡುವುದು ನಾಯಿಗೆ ಹಿಂಸೆ. ಅವರು ಮಾಡಿದ್ದರಲ್ಲಿ ನಾವು ತೆಗೆದುಕೊಳ್ಳಬೇಕಾದ್ದು ತಳಿಯಲ್ಲ, ಅಂಥ ನಾಯಿಗಳನ್ನು ಎಳೆಯ ಮರಿ ಇದ್ದಾಗಿನಿಂದಲೇ ತಾನು ಕಾಯಬೇಕಾದ ಪ್ರಾಣಿಗಳ ಜತೆ ಬೆಳೆಸುವ ಕ್ರಮ.

ಮರಿ ಆರಿಸುವ ದಿನ

8 ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಕಚ್ಚುವುದಕ್ಕೆ ಮಿತಿ ಎಲ್ಲಿ ಅನ್ನುವುದನ್ನು ಅದು ಕಲಿಯುವುದೇ ತಾಯಿ, ಒಡಹುಟ್ಟಿದ ಮರಿಗಳ ಜತೆ. ಹಾಗಂತ ತೀರಾ ತಡವೂ ಬೇಡ. ಸುಮಾರು 3ರಿಂದ 14 ವಾರದ ಒಳಗೆ ನೋಡಿದ್ದನ್ನೆಲ್ಲ ಮರಿ 'ಇದು ಮಾಮೂಲು' ಅಂತ ಒಪ್ಪಿಕೊಳ್ಳುತ್ತದೆ. ಕೋಳಿಯ ಪರಿಚಯ ಆಗಬೇಕಾದ್ದು ಈ ಕಾಲದಲ್ಲೇ.

ಮರಿ ನೋಡಲು ಹೋದಾಗ ಒಂದು ಹೇಂಟೆಯನ್ನು ಬುಟ್ಟಿ ಕವುಚಿ ಅಂಗಳದಲ್ಲಿ ಇಡಿಸಿ, ಮರಿಗಳನ್ನು ಒಂದೊಂದಾಗಿ ಬಿಡಿ. ಒಂದು ಮರಿ ಬುಟ್ಟಿಗೆ ಮೂಗು ಹಚ್ಚಿ ಮೂಸುತ್ತದೆ, ಬಾಲ ಅಲ್ಲಾಡಿಸುತ್ತದೆ, ಆಮೇಲೆ ನಿಮ್ಮ ಚಪ್ಪಲಿ ಕಚ್ಚಲು ಬರುತ್ತದೆ. ಇನ್ನೊಂದು ಬುಟ್ಟಿಯ ಸುತ್ತ ಸುತ್ತಿ ಕೆರೆದು, ಕರೆದರೂ ತಿರುಗದೆ ಅಲ್ಲೇ ಕಣ್ಣು ನೆಟ್ಟು ನಿಲ್ಲುತ್ತದೆ. ಮತ್ತೊಂದು ಬಾಲ ಮಡಚಿ ಮೂಲೆ ಸೇರುತ್ತದೆ. ಮೊದಲನೆಯದನ್ನು ಆರಿಸಿ. ಹೆದರುಪುಕ್ಕಲು ಮರಿ ಸಾಧು ಅಂತ ಕಾಣುತ್ತದೆ, ದೊಡ್ಡದಾದ ಮೇಲೆ ಗಾಬರಿಗೆ ಬಾಯಿ ಹಾಕುವುದು ಅಂಥದ್ದೇ.

ನಾಯಿ ಬರುವ ಮೊದಲು ಗೂಡು

ತರಬೇತಿ ಆಮೇಲೆ, ಮೊದಲು ಬೇಲಿ. ಅಂಗಡಿಯಲ್ಲಿ ಸಿಗುವ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಕೆಳಗಿನ ಮೂರಡಿಗೆ ವೆಲ್ಡ್ ಮೆಶ್ ಹಾಕಿ. ಸುತ್ತ ಒಂದು ಸಾಲು ಚಿರೆಕಲ್ಲನ್ನು ಅರ್ಧ ನೆಲದೊಳಗೆ ಹೂತರೆ ನಾಯಿಯೂ ಕೆರೆಯಲಾರದು, ಮುಂಗುಸಿಯೂ ನುಸುಳಲಾರದು. ಮೇಲ್ಗಡೆ ಗಿಡುಗನಿಗೆ ಹಳೆ ಮೀನುಬಲೆ ಸಾಕು, ಕರಾವಳಿಯಲ್ಲಿ ಅದಕ್ಕೇನು ಬರ. ಬಿಗಿಯಾಗಿ ಎಳೆದು ಕಟ್ಟಿ, ಜೋತು ಬಿದ್ದರೆ ಕೋಳಿಯ ಕಾಲು ಸಿಕ್ಕಿಕೊಳ್ಳುತ್ತದೆ.

ಗೂಡಿನೊಳಗೆ ನಾಯಿಗೆ ಯಾವತ್ತೂ ಪ್ರವೇಶ ಇಲ್ಲ. ಎಷ್ಟೇ ಪಳಗಿದರೂ. ಕೋಳಿಗೆ ನಿಶ್ಚಿಂತೆಯ ಜಾಗ ಒಂದು ಇರಲೇಬೇಕು. ಮೊಟ್ಟೆಯ ರುಚಿ ಹತ್ತದ ಹಾಗೆ ಮೊಟ್ಟೆಗಳನ್ನು ಬೆಳಿಗ್ಗೆ ಬೇಗ ತೆಗೆಯಿರಿ. ಬೈಹುಲ್ಲಿನ ರಾಶಿಯಲ್ಲಿ ಕದ್ದು ಇಡುವ ಹೇಂಟೆ ಇದ್ದರೆ ಆ ಜಾಗ ನಾಯಿಗಿಂತ ಮೊದಲು ನಿಮಗೆ ಗೊತ್ತಿರಲಿ.

ಪಳಗಿಸುವ ಕ್ರಮ

ಮೊದಲ ಹಂತದಲ್ಲಿ ಕೋಳಿ ಬೇಡವೇ ಬೇಡ. ಜಗಲಿಯ ಮೇಲೆ ಮೂರು ಮಾತು ಕಲಿಸಿ: ಬಾ, ಕೂತ್ಕೋ, ಬಿಡು. ಮನೆಯವರೆಲ್ಲ ಅದೇ ಮಾತು ಬಳಸಬೇಕು. ಅಜ್ಜಿ ಒಂದು, ಮಕ್ಕಳು ಒಂದು ಹೇಳಿದರೆ ಮರಿಗೆ ತಲೆ ಕೆಡುತ್ತದೆ. 'ಬಿಡು' ಕಲಿಸುವುದು ಹೀಗೆ: ಮುಳ್ಳು ತೆಗೆದ ಬೇಯಿಸಿದ ತಾರ್ಲೆ ಮೀನಿನ ಚೂರು ಮುಷ್ಟಿಯಲ್ಲಿ ಹಿಡಿಯಿರಿ. ಮರಿ ನೆಕ್ಕುತ್ತದೆ, ಕೆರೆಯುತ್ತದೆ. ಸುಮ್ನೆ ಇರಿ. ಬೇಸತ್ತು ಮುಖ ಹಿಂದೆ ತೆಗೆದ ಕ್ಷಣ 'ಬಿಡು' ಅಂತ ಹೇಳಿ, ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ಬಿಟ್ಟರೆ ಹೆಚ್ಚು ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು. ಉಪ್ಪು ಹಾಕಿದ ಒಣಮೀನು ಕೊಡಬೇಡಿ.

ಎರಡನೇ ಹಂತ ಬೇಲಿಯಾಚೆಯಿಂದ. ಕೋಳಿ ಜಾಲರಿಯ ಒಳಗೆ, ಮರಿ ನಿಮ್ಮ ಕೈಯ ಹಗ್ಗದಲ್ಲಿ. ಮರಿ ಕೋಳಿಯನ್ನು ನೋಡಬಲ್ಲದು, ಆದರೆ ಎಳೆದಾಡುವುದಿಲ್ಲ ಅನ್ನುವಷ್ಟು ದೂರ ನಿಲ್ಲಿ. ಇಲ್ಲಿ ನೀವು ಕೋಳಿಯನ್ನಲ್ಲ, ನಾಯಿಯನ್ನೇ ನೋಡುತ್ತಿರಬೇಕು. ಬಾಯಿ ಮುಚ್ಚಿತಾ? ಕಿವಿ ಮುಂದಕ್ಕೆ ಬಂತಾ? ಬಾಲ ಗಟ್ಟಿಯಾಗಿ ನಿಂತಿತಾ? ಒಂದು ಮುಂಗಾಲು ಮೇಲೆತ್ತಿ ಹಾಗೇ ಕಲ್ಲಾಯಿತಾ? ಇದು ನೆಟ್ಟ ನೋಟ. ಎಳೆಯಬೇಡಿ, ಬೈಯಬೇಡಿ. ಹೆಸರು ಕರೆದು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ನಿಮ್ಮ ಕಡೆ ತಿರುಗಿದರೆ ಮೀನಿನ ಚೂರು. ಬಾಯಿ ಸಡಿಲವಾಗಿದ್ದು ನಾಲಿಗೆ ಹೊರಗಿದ್ದರೆ, ನೆಲ ಮೂಸುತ್ತಿದ್ದರೆ, ಆಕಳಿಸಿ ಬೇರೆ ಕಡೆ ನೋಡಿದರೆ ಸರಿ ದಾರಿಯಲ್ಲಿದ್ದೀರಿ. ಆಗ ಮೆತ್ತಗೆ ಹೊಗಳಿ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಅದಕ್ಕಿಂತ ಜಾಸ್ತಿ ಎಳೆದರೆ ಮರಿಗೂ ಸಾಕಾಗುತ್ತದೆ, ನಿಮಗೂ. ಮರಿ ಜಾಲರಿಯ ಪಕ್ಕ ಕಾಲು ಚಾಚಿ ಮಲಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಮೂರನೆಯದು ಒಂದೇ ಅಂಗಳದಲ್ಲಿ, ಹಗ್ಗ ನಿಮ್ಮ ಕೈಯಲ್ಲಿ. ಸುಮಾರು 15 ಅಡಿಯ ನೂಲಿನ ಹಗ್ಗ ಒಳ್ಳೆಯದು, ತೆಂಗಿನ ನಾರಿನ ಹಗ್ಗ ಅಂಗೈ ಸುಲಿಯುತ್ತದೆ. ಮೊದಮೊದಲು ದೊಡ್ಡ, ಸಾವಧಾನದ ಕೋಳಿಗಳನ್ನು ಬಿಡಿ. ಗಿರಿರಾಜದಂಥ ಭಾರದ ಕೋಳಿ ಜಾಸ್ತಿ ಹಾರುವುದಿಲ್ಲ. ನಾಟಿ ಹೇಂಟೆ ಪಟ್ಟನೆ ಹಾರಿ ಮಾಡು ಏರುತ್ತದೆ, ಆ ರೆಕ್ಕೆ ಸದ್ದಿಗೇ ಮರಿ ಚುರುಕಾಗುತ್ತದೆ. ಪಿಳ್ಳೆಗಳ ಜತೆಗಿರುವ ಹೇಂಟೆಯಿಂದ ಈಗಲೇ ದೂರ. ಅದು ಮೇಲೆ ಬಿದ್ದು ಮರಿಯ ಕಣ್ಣಿಗೆ ಕುಕ್ಕೀತು. ಮೊಟ್ಟೆ ಒಡೆಯಲು 21 ದಿನ ಬೇಕಲ್ವಾ, ಹೇಂಟೆಯನ್ನು ಕಾವಿಗೆ ಕೂರಿಸುವಾಗಲೇ ಲೆಕ್ಕ ಹಾಕಿ ನಾಯಿಮರಿ ತರುವ ದಿನ ನೋಡಿಕೊಳ್ಳಿ.

ಸಾಧುವಾಗಿ ನಿಂತ ಕೋಳಿಯ ಮುಂದೆ ಸುಮ್ಮನಿರುವುದು ಸುಲಭ. ಓಡುವ ಕೋಳಿಯ ಮುಂದೆ ಸುಮ್ಮನಿರಬೇಕು. ಸಂಜೆ ಕೋಳಿಗಳನ್ನು ಕರೆದು ಅಕ್ಕಿ ನುಚ್ಚು ಎರಚುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಎಲ್ಲ ಕಡೆಯಿಂದ ಓಡಿ ಬರುತ್ತವೆ, ಒಂದನ್ನೊಂದು ಕುಕ್ಕುತ್ತವೆ, ಹುಂಜ ಅಡ್ಡ ಬರುತ್ತದೆ. ಮನೆಯ ಒಬ್ಬರು ಕಾಳು ಹಾಕಲಿ, ಇನ್ನೊಬ್ಬರು ನಾಯಿಯನ್ನು ಹಗ್ಗದಲ್ಲಿ ಕೂರಿಸಿಕೊಳ್ಳಲಿ. ಮೊದಲು ದಣಪೆಯ ಹತ್ತಿರ, ಬರಬರುತ್ತ ಅಂಗಳದ ನಡುವೆ. ಈ ಗದ್ದಲದಲ್ಲೂ ನಿಮ್ಮ ಮುಖ ನೋಡಿ ಮೀನು ಕೇಳುವ ನಾಯಿ ತಯಾರಾಗಿದೆ ಅಂತ ಅರ್ಥ.

ಆಮೇಲೆ ಹಗ್ಗವನ್ನು ನೆಲಕ್ಕೆ ಬಿಟ್ಟು ಎಳೆದುಕೊಂಡು ಓಡಾಡಲಿ. ಬೇಕೆನಿಸಿದರೆ ಕಾಲಲ್ಲಿ ಮೆಟ್ಟಿ ನಿಲ್ಲಿಸಬಹುದು. ಹಲವು ವಾರ ಹೀಗೆ ನಡೆದ ಮೇಲೆ ಹಗ್ಗ ತೆಗೆಯಿರಿ. ಆಗಲೂ ನೀವು ಅಂಗಳದಲ್ಲಿ ಇರುವಾಗ ಮಾತ್ರ. 6 ತಿಂಗಳಿಂದ ಒಂದೂವರೆ ವರ್ಷದ ತನಕ ನಾಯಿಗೆ ಹರೆಯ. ಕಲಿತದ್ದೆಲ್ಲ ಮರೆತ ಹಾಗೆ ಆಡುತ್ತದೆ. ಮತ್ತೆ ಹಗ್ಗ ಹಾಕಿ, ಎರಡು ಹಂತ ಹಿಂದೆ ಹೋಗಿ. 2 ವರ್ಷ ತುಂಬುವ ತನಕ ಕೋಳಿ ಜತೆ ಒಂಟಿಯಾಗಿ ಬಿಟ್ಟು ಪೇಟೆಗೆ ಹೋಗಬೇಡಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

'ಛೂ' ಅನ್ನುವ ಅಭ್ಯಾಸ

ಅಂಗಳದಲ್ಲಿ ಅಡಿಕೆಯೋ ಭತ್ತವೋ ಒಣಹಾಕಿರುತ್ತೇವೆ. ಪಕ್ಕದ ಮನೆಯ ಕೋಳಿ ಬಂದು ಕೆದರುತ್ತದೆ. ಕೂತಲ್ಲಿಂದಲೇ ನಾಯಿಗೆ 'ಛೂ' ಅನ್ನುತ್ತೇವೆ. ನಾಯಿಗೆ ನಮ್ಮ ಕೋಳಿ, ಅವರ ಕೋಳಿ ಅನ್ನುವ ಭೇದ ಇಲ್ಲ. ನಾವೇ ಕೋಳಿ ಅಟ್ಟುವ ಕೆಲಸ ಕೊಟ್ಟು, ನಾಳೆ ಅದೇ ಕೆಲಸಕ್ಕೆ ಹೊಡೆದರೆ ಅದು ಏನು ತಿಳಿಯಬೇಕು? ಕೋಳಿಯ ಮೇಲೆ 'ಛೂ' ಅಂತ ಯಾವತ್ತೂ ಹೇಳಬೇಡಿ, ಮಕ್ಕಳಿಗೂ ಹೇಳಿಡಿ. ಪಕ್ಕದ ಕೋಳಿಯನ್ನು ನೀವೇ ಎದ್ದು 'ಹೋಶ್' ಅಂತ ಓಡಿಸಿ.

ತೋಟದಿಂದ ಮಂಗ ಓಡಿಸಲು ನಾಯಿ ಬೇಕೇ ಬೇಕು ಅನ್ನುವವರು ಮಲೆನಾಡಿನ ಕಡೆ ಬಹಳ. ಅದು ಸಾಧ್ಯ, ಆದರೆ ಜಾಗ ಬೇರೆ ಮಾಡಿ. 'ಛೂ' ತೋಟದಲ್ಲಿ ಮಾತ್ರ. ಅಂಗಳಕ್ಕೆ ಕಾಲಿಟ್ಟರೆ ಮೊದಲು 'ಕೂತ್ಕೋ'. ಮಂಗನ ಹಿಂದೆ ಓಡಿ ಬಂದ ನಾಯಿಯ ಮೈ ಇನ್ನೂ ಬಿಸಿ ಇರುತ್ತದೆ. ನೀರು ಕುಡಿಸಿ, ಸ್ವಲ್ಪ ಹೊತ್ತು ಕಟ್ಟಿ, ಆಮೇಲೆ ಬಿಡಿ.

ಇನ್ನೊಂದು ಗಮನಿಸಿ. ನಿಮ್ಮ ಕೋಳಿಯ ಜತೆ ಸಾಧುವಾಗಿರುವ ನಾಯಿ ಪಕ್ಕದ ಕೇರಿಯ ಕೋಳಿಗೂ ಸಾಧುವಾಗಿರುತ್ತದೆ ಅಂತ ಇಲ್ಲ. ಬೀದಿಯ ನಾಲ್ಕು ನಾಯಿ ಸೇರಿದರೆ ಪಳಗಿದ್ದೂ ಬೇಟೆಗೆ ಇಳಿಯುತ್ತದೆ. ಊರಲ್ಲಿ ಜಗಳ ಹುಟ್ಟುವುದು ಇಲ್ಲಿಂದಲೇ. ಸಂತಾನಹರಣ ಮಾಡಿಸಿದರೆ ಅಲೆಯುವುದು ಕಡಿಮೆಯಾಗುತ್ತದೆ. ಯಾವ ವಯಸ್ಸಿಗೆ ಅಂತ ಪಶುವೈದ್ಯರನ್ನು ಕೇಳಿ. ನಿಮ್ಮ ನಾಯಿಯೇ ಹಿಡಿದದ್ದು ಅಂತ ಗೊತ್ತಾದರೆ ವಾದ ಬೇಡ, ಹೋಗಿ ಕೋಳಿಯ ಬೆಲೆ ಕೊಟ್ಟು ಬನ್ನಿ.

ಮಳೆಗಾಲ ಮತ್ತು ರಾತ್ರಿ

ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ನಾಯಿಗೆ ಓಟವಿಲ್ಲ. ಕೋಳಿಗಳೂ ನೆನೆಯಲಾರದೆ ಜಗಲಿಗೆ, ಕೊಟ್ಟಿಗೆಗೆ ಬರುತ್ತವೆ. ಇಬ್ಬರಿಗೂ ಅದೇ ಒಣ ಜಾಗ ಬೇಕು. ವರ್ಷವಿಡೀ ಸರಿಯಿದ್ದ ನಾಯಿ ಆಷಾಢದಲ್ಲಿ ಕೋಳಿ ಹಿಡಿಯಿತು ಅಂದರೆ ಕಾರಣ ಇದೇ. ಮಳೆ ಹೊಳವಾದಾಗ ಒಂದು ಸುತ್ತು ನಡೆಸಿ. ಒಳಗೆ ಗೋಣಿಯಡಿ ತಿಂಡಿ ಬಚ್ಚಿಟ್ಟು ಹುಡುಕಿಸಿ, ಮೂಗಿಗೆ ಕೆಲಸ ಸಿಕ್ಕಿದರೆ ನಾಯಿ ದಣಿಯುತ್ತದೆ. ನಾಯಿಗೆ ಒಂದು ಮೂಲೆ, ಕೋಳಿಗೆ ಒಂದು ಮೂಲೆ, ನಡುವೆ ಹಲಗೆ ಅಡ್ಡ ಇಡಿ.

ರಾತ್ರಿ ಕಾವಲಿಗೆ ಅಂತ ನಾಯಿಯನ್ನು ಗೂಡಿನ ಪಕ್ಕ ಸರಪಳಿಯಲ್ಲಿ ಕಟ್ಟಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಚಿರತೆ ಅಂಗಳಕ್ಕೇ ಬಂದು ನಾಯಿ ಒಯ್ಯುತ್ತದೆ, ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕತ್ತಲಾದರೆ ಕೋಳಿ ಗೂಡಿಗೆ, ನಾಯಿ ಬಾಗಿಲ ಒಳಗೆ. ಕಾಡುಬೆಕ್ಕು ಬಂದರೆ ಅದು ಒಳಗಿಂದಲೇ ಬೊಗಳುತ್ತದೆ. ನಿಮಗೆ ಎಚ್ಚರವಾಗುವುದಕ್ಕೆ ಅಷ್ಟು ಸಾಕು.

ಆರೋಗ್ಯದ್ದು ಸ್ವಲ್ಪ

3 ತಿಂಗಳಾದ ಮೇಲೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಜಂತಿನ ಔಷಧಿ ತಪ್ಪಿಸಬೇಡಿ, ಕೋಳಿ ಹಿಕ್ಕೆ ತಿನ್ನುವ ನಾಯಿಗಂತೂ ಬೇಕೇ ಬೇಕು. ಔಷಧಿ ಬೆರೆಸಿದ ಕೋಳಿ ಫೀಡ್ ನಾಯಿಗೆ ಎಟುಕದ ಹಾಗೆ ಡಬ್ಬದಲ್ಲಿಡಿ, ಕೋಳಿಯ ರಕ್ತಭೇದಿ ತಡೆಯಲು ಸೇರಿಸುವ ಕೆಲವು ಔಷಧಿ ನಾಯಿಗೆ ವಿಷ. ಗೂಡಿನ ಸುತ್ತ ಇಲಿ ಪಾಷಾಣವೂ ಬೇಡ. ಸಿದ್ದಾಪುರದಂಥ ಮಂಗನ ಕಾಯಿಲೆ ಕಂಡ ಕಡೆ ಡಿಸೆಂಬರ್‌ನಿಂದ ಮೇ ತನಕ ನಾಯಿಯನ್ನು ಕಾಡಿಗೆ ಬಿಡದೆ ಇಟ್ಟುಕೊಳ್ಳಿ, ಆ ಕಾಯಿಲೆ ಹರಡುವ ಉಣುಗು ಮನೆಗೆ ಬರುವುದು ಅದರ ಮೈ ಮೇಲೇ.

ಈಗಾಗಲೇ ಹಿಡಿದಿದ್ದರೆ

ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟುವುದು, ಅದರಲ್ಲೇ ಹೊಡೆಯುವುದು ಇನ್ನೂ ಕೆಲವು ಕಡೆ ಇದೆ. ದಯವಿಟ್ಟು ಮಾಡಬೇಡಿ. ಕೆಲಸ ಮುಗಿದ ಮೇಲೆ ಬಿದ್ದ ಏಟು ಯಾವುದಕ್ಕೆ ಅಂತ ನಾಯಿಗೆ ಗೊತ್ತಾಗುವುದಿಲ್ಲ. ನಿಮ್ಮ ಮೇಲೆ ಭಯ ಹುಟ್ಟುತ್ತದೆ, ಮುಂದಿನ ಸಲ ನೀವಿಲ್ಲದಾಗ ಹಿಡಿಯುತ್ತದೆ. ಕೊಳೆತ ಕೋಳಿಯಿಂದ ನಾಯಿಗೆ ರೋಗ ಬರುವುದೊಂದು ಬಾಕಿ. ಕೋಳಿಯನ್ನು ಬಾಯಿಂದ ಬಿಡಿಸಿ, ಹೂಳಿ, ನಾಯಿಯನ್ನು ಮತ್ತೆ ಹಗ್ಗಕ್ಕೆ ತನ್ನಿ, ಬೇಲಿಯ ಹಂತದಿಂದ ಶುರು ಮಾಡಿ. ಒಂದೆರಡು ಸಲ ಹಿಡಿದ ಎಳೆ ನಾಯಿ ತಿದ್ದಿಕೊಳ್ಳುತ್ತದೆ. ವರ್ಷಗಟ್ಟಲೆ ಕೋಳಿ ಕೊಂದು ರೂಢಿಯಾದ ದೊಡ್ಡ ನಾಯಿ ಪೂರ್ತಿ ಬದಲಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥದ್ದನ್ನು ಗಟ್ಟಿ ಬೇಲಿಯಿಂದ ಬೇರೆ ಇಟ್ಟು ಸಾಕಿ, ಇಲ್ಲವೇ ಕೋಳಿ ಇಲ್ಲದ ಮನೆಗೆ ಕೊಡಿ. ಘಟ್ಟದಲ್ಲಿ ಬಿಡಬೇಡಿ.

ಕೋಳಿ ಜೀವಂತ ಸಿಕ್ಕಿದರೆ ಪುಕ್ಕ ಸರಿಸಿ ಮೈಯೆಲ್ಲ ನೋಡಿ. ಹಲ್ಲು ಊರಿದ ತೂತು ಸಣ್ಣದು, ಒಳಗೆ ಕೀವು ಜಾಸ್ತಿ. ಉಗುರುಬೆಚ್ಚಗಿನ ಉಪ್ಪು ನೀರಲ್ಲಿ ತೊಳೆಯಿರಿ. ಕತ್ತಲಿರುವ, ಗಾಳಿ ಆಡುವ ಬುಟ್ಟಿಯಲ್ಲಿ ಬೆಚ್ಚಗೆ ಇಟ್ಟು ಹತ್ತಿರ ನೀರಿಡಿ, ಗಾಬರಿ ಇಳಿಯಲಿ. ಗಾಯ ಆಳ ಇದ್ದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಗಾಯ ಪೂರ್ತಿ ಒಣಗುವ ತನಕ ಉಳಿದ ಕೋಳಿಗಳ ಜತೆ ಬಿಡಬೇಡಿ, ರಕ್ತ ಕಂಡರೆ ಅವೇ ಕುಕ್ಕಿ ಕೊಲ್ಲುತ್ತವೆ.